ಹೂಕೋಸಿನ ಊರಿನಲ್ಲಿ ಒಂದು ದಿನದ ದೋಣಿ

ರಿಯಾದಿನ ಒಲಾಯಾದಲ್ಲಿರುವ ಇಕ್ಬಾಲ್ ಭಾಯಿಯ ಅತ್ತರಿನ ಅಂಗಡಿಗೆ ನೀವು ಎಂದಾದರೂ ಹೋದರೆ, ಅವರು ಕೂರುವ ಕುರ್ಚಿಯ ಹಿಂದಿನ ಗೋಡೆಯಲ್ಲಿ ಚೌಕಟ್ಟು ಹಾಕಿದ ಒಂದು ಫೋಟೋ ಕಾಣುತ್ತದೆ. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟ ಇಕ್ಬಾಲ್ ಭಾಯಿ ಒಂದು ದೋಣಿಯಲ್ಲಿ ಕೂತಿದ್ದಾರೆ. ಹೊಟ್ಟೆಗೆ ಜಾಕೆಟ್ಟಿನ ಪಟ್ಟಿ ಸಾಲದೆ ಎರಡೂ ತುದಿ ಜೋತಾಡುತ್ತಿವೆ. ಎರಡೂ ಕೈಯಲ್ಲಿ, ಪಂದ್ಯ ಗೆದ್ದು ಬಂದವರ ಹಾಗೆ, ಒಂದು ದೊಡ್ಡ ಹೂಕೋಸು. ಅವರ ಹಿಂದೆ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಸಿಕೊಂಡು, ಅರ್ಧ ಕಣ್ಣು ಮುಚ್ಚಿ, ಉದ್ದದ ಗಳ ಹಿಡಿದು ನಿಂತಿರುವ ಬೋಳುತಲೆಯವನೇ ನಾನು.

ಗಿರಾಕಿಗಳು ಇದೇನೆಂದು ಕೇಳುತ್ತಾರೆ, ಇಕ್ಬಾಲ್ ಭಾಯಿ ಕತೆ ಹೇಳುತ್ತಾರೆ. ಮೂರು ವರ್ಷದಲ್ಲಿ ಆ ಕತೆ ಚೆನ್ನಾಗಿ ಬೆಳೆದಿದೆ. ಮೊದಲು ಸಣ್ಣ ಗಾಳಿ ಇತ್ತು, ಈಗ ಬಿರುಗಾಳಿ ಬಂದಿದೆ. ಕಳೆದ ವಾರ ಹೋದಾಗ ಒಬ್ಬ ಸಿರಿಯಾದವನಿಗೆ, ದೋಣಿಯ ಪಕ್ಕದಲ್ಲಿ ಆಳುದ್ದದ ಮೀನು ಎದ್ದದ್ದನ್ನು ಕೈ ಅಗಲಿಸಿ ತೋರಿಸುತ್ತಿದ್ದರು. ನಾನು ಅಲ್ಲೇ ನಿಂತಿದ್ದರೂ ಅವರಿಗೆ ಸಂಕೋಚವಿಲ್ಲ. ಹೀಗೇ ಬಿಟ್ಟರೆ ಇನ್ನೆರಡು ವರ್ಷಕ್ಕೆ ಮೊಸಳೆ ಬಂದೀತು. ಅದಕ್ಕೆ ಮೊದಲು ನಡೆದದ್ದನ್ನು ನಡೆದ ಹಾಗೆ ಬರೆದಿಡೋಣವೆಂದು ಕೂತಿದ್ದೇನೆ.

ಇಕ್ಬಾಲ್ ಭಾಯಿ ಭಟ್ಕಳದವರು. ರಿಯಾದಿಗೆ ಬಂದು ನಲವತ್ತು ವರ್ಷ. ನಾನು ಹೊನ್ನಾವರದ ಕಡೆಯವನು, ಬಂದು ಇಪ್ಪತ್ತೆರಡು ವರ್ಷ. ಹೊಸದಾಗಿ ಬಂದಾಗ ನನ್ನ ಹತ್ತಿರ ಒಂದು ಡಿಪ್ಲೊಮಾ, ಒಂದು ಸೂಟ್‌ಕೇಸು ಮತ್ತು ಇಲ್ಲಿ ಚಳಿಗಾಲ ಇರುವುದಿಲ್ಲ ಎಂಬ ನಂಬಿಕೆ, ಇಷ್ಟೇ ಇತ್ತು. ಡಿಸೆಂಬರಿನ ಒಂದು ಸಂಜೆ ಗಡಗಡ ನಡುಗುತ್ತ ಅವರ ಅಂಗಡಿಗೆ ಹೋಗಿ ಕನ್ನಡದಲ್ಲಿ ವಿಳಾಸ ಕೇಳಿದ್ದೆ. ಊರು ಯಾವುದು, ಮನೆ ಎಲ್ಲಿ, ಅಪ್ಪನ ಹೆಸರೇನು, ಎಲ್ಲ ವಿಚಾರಿಸಿ, ಒಂದು ಕಂಬಳಿ ಹೊದೆಸಿ ಕಳಿಸಿದರು. ಮುಂದೆ ನನ್ನ ಮೊದಲ ಕಫೀಲ್, ಅಂದರೆ ವೀಸಾ ಕೊಟ್ಟು ಕರೆಸಿಕೊಂಡ ಧಣಿ, ಕೈಕೊಟ್ಟಾಗ ಅಬ್ಕೈಕಿನ ತೈಲ ಸ್ಥಾವರದಲ್ಲಿ ಕೆಲಸ ಹುಡುಕಿಕೊಟ್ಟವರೂ ಅವರೇ. ಅಲ್ಲಿ ಎಂಟು ವರ್ಷ ಕೊಳವೆ, ಮೀಟರು, ವಾಲ್ವುಗಳ ನಡುವೆ ಕಳೆದು ನಾನು ರಿಯಾದಿನ ಆಫೀಸಿಗೆ ಬಂದೆ. ಹೆಂಡತಿ ಮೊದಲ ಸಲ ಬಂದಿಳಿದ ದಿನ ನಮಗೆ ಊಟ ಕಳಿಸಿದ್ದು ಅವರ ಮನೆಯಿಂದ. ಒಂದೇ ಜಿಲ್ಲೆಯವರೆಂಬ ಪ್ರೀತಿ ಎಂದುಕೊಂಡಿದ್ದೆ. ಸ್ವಲ್ಪ ನನ್ನ ಅದೃಷ್ಟ, ಸ್ವಲ್ಪ ನನ್ನ ಒಳ್ಳೆಯ ಗುಣ ಎಂದೂ ಅಂದುಕೊಂಡಿದ್ದೆ.

ಅವರ ಕೊನೆಯ ಮಗಳು ಆಯಿಷಾ ಫ್ರಾನ್ಸಿನ ಉತ್ತರದಲ್ಲಿ ಲೀಲ್ ಎಂಬ ಊರಿನಲ್ಲಿ ಓದುತ್ತಿದ್ದಳು. ಮಗಳನ್ನು ನೋಡಲು ಹೊರಟಾಗ ಇಕ್ಬಾಲ್ ಭಾಯಿಯ ಹೆಂಡತಿಗೆ ಮಂಡಿಯ ಆಪರೇಷನ್ ಆಗಿತ್ತು. ಅವರು ಆರು ತಿಂಗಳು ಮೆಟ್ಟಿಲು ಹತ್ತುವ ಹಾಗಿಲ್ಲ. ಇಕ್ಬಾಲ್ ಭಾಯಿ ನನ್ನ ಆಫೀಸಿಗೇ ಬಂದು ಕೂತರು.

"ನೀ ಬಾ ಮಾರಾಯ. ಭಾಷೆ ಬಾರದ ಊರು. ನಾ ಒಬ್ಬ ಎಂತ ಮಾಡ್ಲಿ?"

"ಭಾಯಿ, ನನಗೂ ಫ್ರೆಂಚ್ ಬರೋದಿಲ್ಲ."

"ಅದೇ ಹೇಳೂದು. ಒಬ್ಬನಿಗೆ ಬರದಿದ್ರೆ ಅವಮಾನ. ಇಬ್ರಿಗೂ ಬರದಿದ್ರೆ ತಮಾಷೆ. ಯಲ್ಲಾ, ರಜೆ ಬರಿ."

ಹೀಗೆ ನಾವಿಬ್ಬರೂ ಲೀಲ್ ತಲುಪಿದೆವು. ಅಪ್ಪನನ್ನು ಎಲ್ಲಿಗೆ ಕರೆದುಕೊಂಡು ಹೋಗುವುದೆಂದು ಆಯಿಷಾ ತಲೆಕೆಡಿಸಿಕೊಂಡಿದ್ದಳು. ಕೋಟೆ ಬೇಡ, ಮ್ಯೂಸಿಯಮ್ ಬೇಡ, ಮೆಟ್ಟಿಲಿರುವ ಯಾವುದೂ ಬೇಡ. "ನಂಗೆ ಒಂದು ದಿನ ಏನೂ ಮಾಡದೆ ಕೂರಬೇಕು, ಆದರೆ ಕೂತಲ್ಲೇ ಊರು ಮುಂದೆ ಹೋಗ್ತಾ ಇರಬೇಕು," ಎಂದರು ಇಕ್ಬಾಲ್ ಭಾಯಿ. ಅವಳು ಯೋಚಿಸಿ ಸೇಂತ್ ಒಮೆರ್ ಎಂಬ ಊರಿನ ಕಾಲುವೆಗಳ ಮೇಲೆ ಒಂದು ದೋಣಿ ಗೊತ್ತು ಮಾಡಿದಳು. ಬ್ಯಾಟರಿಯ ಸಣ್ಣ ದೋಣಿ, ನಡೆಸಲು ಲೈಸೆನ್ಸ್ ಬೇಡ, ಒಂದು ನಕ್ಷೆ ಕೊಟ್ಟು ಕಳಿಸುತ್ತಾರೆ. ಅವಳಿಗೆ ಅಂದು ಕಾಲೇಜಿನಲ್ಲಿ ಪರೀಕ್ಷೆ. ಬೆಳಿಗ್ಗೆ ನಮ್ಮನ್ನು ದೋಣಿಕಟ್ಟೆಗೆ ಮುಟ್ಟಿಸಿ, ಸಂಜೆ ಐದಕ್ಕೆ ಅಲ್ಲೇ ಸಿಗುವುದಾಗಿ ಹೇಳಿ ರೈಲಿಗೆ ಓಡಿದಳು.

ದೋಣಿ ಎಂಬ ಮಾತು ಕೇಳಿದಾಗಲೇ ನನ್ನ ಮುಖ ಸಣ್ಣದಾಗಿತ್ತು. ಯಾರಿಗೂ ಹೇಳಲಿಲ್ಲ. ಹೇಳಬೇಕಾದರೆ ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕು.

ನನ್ನ ಅಪ್ಪ ಹನುಮಂತ ಶರಾವತಿಯಲ್ಲಿ ತಾರಿ ನಡೆಸುತ್ತಿದ್ದ. ಹೊಳೆ ದಾಟಿಸುವ ದೋಣಿಗೆ ನಮ್ಮಲ್ಲಿ ತಾರಿ ಎನ್ನುತ್ತಾರೆ. ಈ ದಡದಿಂದ ಆ ದಡಕ್ಕೆ, ಆ ದಡದಿಂದ ಈ ದಡಕ್ಕೆ. ಆಳದಲ್ಲಿ ಹುಟ್ಟು, ದಡದ ಹತ್ತಿರ ಬಿದಿರಿನ ಗಳ. ಶಾಲೆಯ ಮಕ್ಕಳು, ಬಳೆಗಾರರು, ದಿಬ್ಬಣ, ಹೆರಿಗೆಗೆ ಹೊರಟ ಹೆಂಗಸರು, ಕರು ಹಾಕಿದ ಎಮ್ಮೆ, ಎಲ್ಲರೂ ಅಪ್ಪನ ದೋಣಿಯಲ್ಲೇ ದಾಟಬೇಕು. ಸಣ್ಣವನಿದ್ದಾಗ ನಾನು ದೋಣಿಯ ಮೂತಿಯಲ್ಲಿ ಕೂತು ಇಡೀ ಹೊಳೆಯೇ ನಮ್ಮದೆಂದು ತಿಳಿದಿದ್ದೆ. ಹತ್ತನೇ ವಯಸ್ಸಿಗೆ ಗಳ ಹಿಡಿಯುವುದನ್ನು ಕಲಿಸಿದ. ಹದಿನಾಲ್ಕಕ್ಕೆ ಅಪ್ಪನಿಗೆ ಜ್ವರ ಬಂದ ದಿನ ನಾನೇ ಜನರನ್ನು ದಾಟಿಸಿದ್ದೂ ಉಂಟು.

ಆಮೇಲೆ ಹೊನ್ನಾವರದ ಕಾಲೇಜು ಸೇರಿದೆ. ಪೇಟೆಯ ಗೆಳೆಯರು ಸಿಕ್ಕರು. ಅವರ ಅಪ್ಪಂದಿರು ಬ್ಯಾಂಕಿನಲ್ಲಿದ್ದರು, ಕೋರ್ಟಿನಲ್ಲಿದ್ದರು. ನನ್ನ ಅಪ್ಪ ಟ್ರಾನ್ಸ್‌ಪೋರ್ಟ್ ಲೈನಿನಲ್ಲಿ ಇದ್ದಾನೆ ಎಂದುಬಿಟ್ಟೆ. ಸುಳ್ಳೇನೂ ಅಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮುಂದೆ ರಿಯಾದಿನಲ್ಲೂ, ಇಕ್ಬಾಲ್ ಭಾಯಿಗೂ ಸೇರಿ, ಕೇಳಿದವರಿಗೆಲ್ಲ ಇದನ್ನೇ ಹೇಳಿದೆ. ಒಂದು ದಿನ ಅವರಲ್ಲಿ ಮೂವರು ಆಚೆ ದಡದ ಒಂದು ಮದುವೆಗೆ ಹೊರಟು ನನ್ನನ್ನೂ ಎಳೆದುಕೊಂಡು ಹೋದರು. ತಾರಿ ಹತ್ತಿದರೆ ಅಪ್ಪ. ಮೈಮೇಲೆ ಅಂಗಿಯಿಲ್ಲ, ತಲೆಗೆ ಮಾಸಿದ ಮುಂಡಾಸು. ನಾನು ನೀರಿನ ಕಡೆ ಮುಖ ತಿರುಗಿಸಿ ಕೂತೆ. ಅಪ್ಪ ಒಮ್ಮೆ ನನ್ನನ್ನು ನೋಡಿದ, ಒಮ್ಮೆ ಗೆಳೆಯರನ್ನು ನೋಡಿದ, ಗಳ ಎತ್ತಿದ. ನಡುಹೊಳೆಯಲ್ಲಿ ಒಬ್ಬ, "ಎಂತದಾ, ನಿನ್ನ ದೋಣಿ ತೂತು ಬಿದ್ದಿದ್ಯಾ?" ಎಂದು ತಮಾಷೆ ಮಾಡಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ದಡಕ್ಕೆ ತಾಗಿದಾಗ ಅಪ್ಪ ಒಬ್ಬೊಬ್ಬರನ್ನೇ ಕೈಹಿಡಿದು ಇಳಿಸಿದ. ನನ್ನ ಸರದಿ ಬಂದಾಗ ಮೊಣಕೈ ಹಿಡಿದು, "ನಿಧಾನ ಇಳೀರಿ, ಜಾರ್ತದೆ," ಎಂದ.

ಇಳಿ ಎನ್ನಲಿಲ್ಲ, ಇಳೀರಿ ಎಂದ. ಹೆತ್ತ ಮಗನಿಗೆ ಬಹುವಚನ. ನನ್ನ ಗುಟ್ಟನ್ನು ನನಗಿಂತ ಚೆನ್ನಾಗಿ ಕಾಪಾಡಿದ.

ಆ ಮಾತನ್ನು ನಾವಿಬ್ಬರೂ ಮತ್ತೆಂದೂ ಎತ್ತಲಿಲ್ಲ. ನಾನು ಹೊಳೆಯ ಕಡೆ ಹೋಗುವುದನ್ನೇ ಬಿಟ್ಟೆ. ಸೇತುವೆ ಆಯಿತು, ತಾರಿ ನಿಂತಿತು, ಅಮ್ಮ ತೀರಿಕೊಂಡಳು, ಅಪ್ಪ ಕುಮಟಾದಲ್ಲಿ ನನ್ನ ಅಕ್ಕನ ಮನೆ ಸೇರಿದ. ನಾನು ಬಂದು ಸೇರಿದ್ದು ಹೊಳೆಯೇ ಇಲ್ಲದ ದೇಶಕ್ಕೆ. ಇಲ್ಲಿ ಎಲ್ಲಾದರೂ ಹೊಳೆಯ ಪಾತ್ರ ಕಂಡರೆ ಅದರಲ್ಲಿ ಕಲ್ಲು ಮತ್ತು ಒಂಟೆ ಇರುತ್ತವೆ. ನನಗೆ ಅದರಿಂದ ಒಂದು ಬಗೆಯ ನೆಮ್ಮದಿಯೇ ಇತ್ತು.

ಈಗ ಕಾಲುವೆಗೆ ಬರುತ್ತೇನೆ.

ಅದು ಮೇ ತಿಂಗಳು. ರಿಯಾದಿನಲ್ಲಿ ಕಾರಿನ ಸ್ಟೀರಿಂಗ್ ಮುಟ್ಟಿದರೆ ಕೈ ಸುಡುವ ಕಾಲ. ಅಲ್ಲಿ ಇಕ್ಬಾಲ್ ಭಾಯಿ ಉಣ್ಣೆಯ ಟೋಪಿ ಹಾಕಿಕೊಂಡಿದ್ದರು. ಆ ಊರಿನ ಸುತ್ತ ನೀರೋ ನೆಲವೋ ಎಂದು ಹೇಳಲಾಗದ ಒಂದು ಜೌಗು. ಹಿಂದಿನವರು ಅದರಲ್ಲಿ ಕಾಲುವೆ ತೋಡಿ, ಮಣ್ಣೆತ್ತಿ ಹಾಕಿ, ತುಂಡು ತುಂಡು ತೋಟ ಮಾಡಿದ್ದಾರೆ. ತೋಟದಿಂದ ತೋಟಕ್ಕೆ ದಾರಿಯೆಂದರೆ ನೀರೇ. ಎಲ್ಲ ಕಡೆ ಹೂಕೋಸು. ಮನೆಗಳ ಅಂಚೆ ಡಬ್ಬಿಗಳು ಕಾಲುವೆಯ ಕಡೆ ಮುಖ ಮಾಡಿ ನಿಂತಿದ್ದವು. ಒಂದು ಮನೆಯ ಬಟ್ಟೆ ಒಣಹಾಕುವ ತಂತಿ ನೀರಿನ ಮೇಲೇ ಹಾದಿತ್ತು. ಯಾರದೋ ಲಂಗದ ನೆರಳನ್ನು ಸೀಳಿಕೊಂಡು ನಾವು ಮುಂದೆ ಹೋದೆವು.

ಆ ದೋಣಿಯ ವೇಗ ಹೇಳಿದರೆ ನೀವು ನಂಬುವುದಿಲ್ಲ. ಬಾತುಕೋಳಿಯೊಂದು ಆರು ಮರಿಗಳನ್ನು ಕಟ್ಟಿಕೊಂಡು ನಮ್ಮನ್ನು ಹಿಂದೆ ಹಾಕಿ ಹೋಯಿತು. ದಡದಲ್ಲಿ ಊರುಗೋಲು ಹಿಡಿದು ಹೊರಟಿದ್ದ ಮುದುಕರೊಬ್ಬರು ಸ್ವಲ್ಪ ದೂರ ನಮ್ಮ ಜೊತೆಗೇ ನಡೆದು, ಬೇಸರವಾಗಿ, ಮುಂದೆ ಹೋದರು. ಇಕ್ಬಾಲ್ ಭಾಯಿಗೆ ಪರಮಾನಂದ. ಕಾಲು ಚಾಚಿ, ಟೋಪಿಯನ್ನು ಕಣ್ಣಿಗೆ ಎಳೆದುಕೊಂಡು, "ಅಲ್‌ಹಮ್ದುಲಿಲ್ಲಾ. ಇದೇ ಬೇಕಿತ್ತು ನೋಡು. ನಲವತ್ತು ವರ್ಷ ಓಡಿದ್ದಾಯ್ತು. ಇವತ್ತು ಯಾರಾದ್ರೂ ಅರ್ಜೆಂಟ್ ಅಂದ್ರೆ ನೀರಿಗೆ ದೂಡ್ತೆ," ಎಂದರು.

ನಾನು ಚುಕ್ಕಾಣಿ ಹಿಡಿದು ಬಿಗಿಯಾಗಿ ಕೂತಿದ್ದೆ. ನೀರಿನ ವಾಸನೆ ಬರುತ್ತಿತ್ತು, ಕೊಳೆತ ಎಲೆ, ಹಸಿ ಮಣ್ಣು. ಅದು ಮೂಗಿಗೆ ಹೋಗಿ ಎಲ್ಲೆಲ್ಲೋ ಕೈ ಹಾಕುತ್ತಿತ್ತು. ಅದನ್ನು ಮರೆಯಲು ನಕ್ಷೆ ಓದತೊಡಗಿದೆ. ಇಂಜಿನಿಯರಿಂಗ್ ಡ್ರಾಯಿಂಗ್ ಓದಿ ಹೊಟ್ಟೆ ಹೊರೆಯುವ ಮನುಷ್ಯ ನಾನು. ಆ ನಕ್ಷೆಯನ್ನು ತಲೆಕೆಳಗಾಗಿ ಹಿಡಿದಿದ್ದೆ ಎಂಬುದು ಗೊತ್ತಾಗುವ ಹೊತ್ತಿಗೆ ನಾವು ದೊಡ್ಡ ಕಾಲುವೆ ಬಿಟ್ಟು, ಎರಡೂ ಕಡೆ ಆಪು ಎಂಬ ಆಳೆತ್ತರದ ನೀರುಹುಲ್ಲು ಬೆಳೆದ ಒಂದು ಕಿರುಗಾಲುವೆಯ ಒಳಗೆ ಬಹಳ ದೂರ ಹೋಗಿದ್ದೆವು. ಅಲ್ಲಿ ಮೋಟರಿನ ರೆಕ್ಕೆಗೆ ಜೊಂಡು ಸುತ್ತಿಕೊಂಡಿತು. ಗುರ್ ಎಂದಿತು, ನಿಂತಿತು. ಕೈ ಹಾಕಿ ಸ್ವಲ್ಪ ಕಿತ್ತೆ. ಮತ್ತೆ ಗುಂಡಿ ಒತ್ತಿದೆ. ಎಲ್ಲೋ ಸುಟ್ಟ ವಾಸನೆ ಬಂತು, ಅಷ್ಟೇ.

ದೋಣಿಯವರ ನಂಬರಿಗೆ ಫೋನ್ ಮಾಡಿದೆ. ಆ ಕಡೆಯಿಂದ ತುಂಬ ಫ್ರೆಂಚ್ ಬಂತು. ಕೊನೆಯಲ್ಲಿ ಇಂಗ್ಲಿಷಿನಲ್ಲಿ "ಕಾಯಿರಿ, ಕಾಯಿರಿ, ಒಂದು ಗಂಟೆ," ಎಂಬುದು ಮಾತ್ರ ತಿಳಿಯಿತು.

"ಕಾಯೂದೇ ಸೈ. ಊಟ ಮಾಡುವ. ಆಯಿಷಾ ಕಟ್ಟಿಕೊಟ್ಟ ಚೀಲ ತೆಗಿ," ಎಂದರು ಇಕ್ಬಾಲ್ ಭಾಯಿ.

"ಚೀಲ ನಿಮ್ಮ ಹತ್ತಿರ ಅಲ್ವಾ ಇದ್ದದ್ದು?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ರೊಟ್ಟಿ, ಮೊಟ್ಟೆ, ಖರ್ಜೂರ ತುಂಬಿದ ನೀಲಿ ಚೀಲ ದೋಣಿಕಟ್ಟೆಯ ಬೆಂಚಿನ ಮೇಲೆ ಉಳಿದಿತ್ತು. ಜಾಕೆಟ್ಟಿನ ಪಟ್ಟಿ ಹಾಕಲು ನಾವಿಬ್ಬರೂ ಒದ್ದಾಡುವಾಗ ಅಲ್ಲಿಟ್ಟದ್ದು. ಜೋರಾಗಿ ನಕ್ಕೆವು. ನಗುತ್ತಿದ್ದ ಅವರು ಸ್ವಲ್ಪ ಹೊತ್ತಿಗೆ ಸುಮ್ಮನಾದರು. ನಾನು ಗಮನಿಸಲಿಲ್ಲ, ಜೊಂಡು ಕೀಳುತ್ತಿದ್ದೆ. ತಿರುಗಿ ನೋಡಿದರೆ ಆ ಚಳಿಯಲ್ಲಿ ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು. ಕೈ ನಡುಗುತ್ತಿತ್ತು.

"ಭಾಯಿ, ಏನಾಯ್ತು?"

ಅವರು ತಮ್ಮ ಮನೆಮಾತಾದ ನವಾಯತಿಯಲ್ಲಿ ಏನೋ ಹೇಳಿದರು. ನನ್ನನ್ನು ಯೂಸುಫ್ ಎಂದು ಕರೆದರು. ಯೂಸುಫ್ ಅವರ ತೀರಿಹೋದ ತಮ್ಮ. ಅವರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಮಾತ್ರೆ ನುಂಗಿದ್ದನ್ನು ನಾನೇ ನೋಡಿದ್ದೆ, ಹೋಟೆಲಿನ ತಿಂಡಿಯಲ್ಲಿ ಏನು ಸೇರಿದೆಯೋ ಎಂದು ಬರೀ ಕಾಫಿ ಕುಡಿದು ಎದ್ದದ್ದನ್ನೂ ನೋಡಿದ್ದೆ. ಮೈಯಲ್ಲಿ ಸಕ್ಕರೆ ಇಳಿದುಹೋಗಿತ್ತು. ಸದಾ ಜೇಬಿನಲ್ಲಿರುವ ನಾಲ್ಕು ಖರ್ಜೂರ ಅಂದು ಹೊಸ ಕೋಟಿನಲ್ಲಿ ಇರಲಿಲ್ಲ. ನನ್ನ ಹತ್ತಿರ ಒಂದು ಪೆಪ್ಪರಮಿಂಟೂ ಇರಲಿಲ್ಲ. ಒಂದು ಗಂಟೆ ಕಾಯುವ ಹಾಗಿರಲಿಲ್ಲ.

ದೋಣಿಯ ಒಂದು ಬದಿಗೆ ಹಗ್ಗದಲ್ಲಿ ಕಟ್ಟಿದ ಒಂದು ಮರದ ಗಳ ಇತ್ತು. ಬೆಳಿಗ್ಗೆಯೇ ಕಂಡಿತ್ತು. ಕಂಡರೂ ಕಾಣದವನ ಹಾಗೆ ಕೂತಿದ್ದೆ.

ಶೂ ಬಿಚ್ಚಿದೆ, ಪ್ಯಾಂಟು ಮಡಿಸಿದೆ, ಹಿಂದಿನ ತುದಿಗೆ ಹೋಗಿ ನಿಂತೆ. ಮೊದಲ ಸಲ ಊರಿದಾಗ ಗಳ ಕೆಸರಿನಲ್ಲಿ ಕಚ್ಚಿಕೊಂಡಿತು. ದೋಣಿ ಮುಂದೆ ಹೋಗಿ ನಾನು ಹಿಂದೆ ಉಳಿಯುವುದರಲ್ಲಿದ್ದೆ. ಆಗ ನಾನು ಯೋಚಿಸಲಿಲ್ಲ, ನನ್ನ ಕೈಗಳೇ ಗಳವನ್ನು ಅರ್ಧ ತಿರುವು ತಿರುಚಿ ಎಳೆದವು. ಅದು ಬೆಣ್ಣೆಯಿಂದ ಬಂದ ಹಾಗೆ ಬಂತು. ಮುಂದಿನ ಸಲ ನೆಟ್ಟಗೆ ಬಿಟ್ಟೆ, ಅಂಗೈಯೊಳಗೆ ಜಾರಿ ತಳ ಮುಟ್ಟಿತು, ಬಗ್ಗಿ ತಳ್ಳಿದೆ. ದೋಣಿ ಹೊರಟಿತು. ಮೂವತ್ತು ವರ್ಷ ಮುಟ್ಟದ ವಿದ್ಯೆ. ನಾನು ಬಿಟ್ಟರೂ ಅದು ನನ್ನನ್ನು ಬಿಟ್ಟಿರಲಿಲ್ಲ. ಸೊಂಟ ಮಾತ್ರ ತನ್ನ ವಯಸ್ಸನ್ನು ಪ್ರತಿ ಸಲವೂ ನೆನಪಿಸುತ್ತಿತ್ತು.

"ಭಾಯಿ, ಮಾತಾಡಿ. ನಿದ್ದೆ ಮಾಡ್ಬೇಡಿ. ಮಾತಾಡ್ತಾ ಇರಿ."

ಅವರು ಹ್ಞೂಂ ಎನ್ನುತ್ತಿದ್ದರು. ಎಷ್ಟು ಹೊತ್ತು ತಳ್ಳಿದೆನೋ, ಬಹುಶಃ ಹತ್ತು ನಿಮಿಷ. ಕಿರುಗಾಲುವೆ ತಿರುಗಿದಲ್ಲಿ ಒಂದು ತೋಟ ಕಂಡಿತು. ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟ, ಎಪ್ಪತ್ತರ ಹತ್ತಿರದ ಹೆಂಗಸೊಬ್ಬರು ಹೂಕೋಸು ಕೊಯ್ಯುತ್ತಿದ್ದರು. ನಾನು ಕನ್ನಡ, ಹಿಂದಿ, ಅರಬ್ಬಿ, ಇಂಗ್ಲಿಷು ಎಲ್ಲವನ್ನೂ ಕೂಡಿಸಿ ಕೂಗಿದೆ. ಯಾವುದು ಅವರಿಗೆ ತಿಳಿಯಿತೋ ಗೊತ್ತಿಲ್ಲ. ಇಕ್ಬಾಲ್ ಭಾಯಿಯ ಮುಖ ನೋಡಿದವರೇ ಕತ್ತಿ ಬಿಸುಟು ಮನೆಯೊಳಗೆ ಓಡಿದರು. ಸಕ್ಕರೆಯ ಗಟ್ಟಿ ತುಂಬಿದ ಡಬ್ಬಿ, ಜಾಮಿನ ಬಾಟಲಿ, ರೊಟ್ಟಿ ಹಿಡಿದು ಬಂದರು. ನೀರಿಗೇ ಇಳಿದು, ದೋಣಿಯ ಅಂಚು ಹಿಡಿದುಕೊಂಡು, ಜಾಮನ್ನು ಚಮಚದಲ್ಲಿ ಅವರ ಬಾಯಿಗೆ ಹಾಕಿದರು. ಮಗುವಿಗೆ ತಿನ್ನಿಸುವ ಹಾಗೆ ತಾವೂ ಬಾಯಿ ತೆರೆಯುತ್ತಿದ್ದರು. ಕಾಲು ಗಂಟೆ ಕಳೆಯಿತು. ಇಕ್ಬಾಲ್ ಭಾಯಿ ಕಣ್ಣರಳಿಸಿ ಸುತ್ತ ನೋಡಿ, ಕನ್ನಡದಲ್ಲಿ, "ಎಂತ ಜಾಮು ಇದು? ಒಳ್ಳೇದುಂಟು," ಎಂದರು. ನಾನು ದೋಣಿಯಲ್ಲೇ ಕುಸಿದು ಕೂತೆ. ಅತ್ತೆನೆಂದು ಅವರು ಗಿರಾಕಿಗಳಿಗೆ ಹೇಳುತ್ತಾರೆ. ಆ ಭಾಗ ನಿಜ.

ಆಕೆಯ ಹೆಸರು ಮಾರ್ತ್. ನಾವು ಅವರ ಅಡುಗೆಮನೆಯಲ್ಲಿ ಕೂತು ಸೂಪು ಕುಡಿದೆವು, ಮೊಟ್ಟೆ ತಿಂದೆವು. ಅವರು ದೋಣಿಯವರಿಗೆ ಫೋನ್ ಮಾಡಿ ಗದರಿದರು. ಯಾವ ಭಾಷೆಯಾದರೂ ಗದರಿದ್ದು ತಿಳಿಯುತ್ತದೆ. ಯಂತ್ರದ ದೋಣಿ ತರಿಸಿ ನಮ್ಮ ದೋಣಿಯನ್ನು ಎಳೆಸಬೇಕೇ ಎಂದು ಅವರು ಕೈಸನ್ನೆಯಲ್ಲಿ ಕೇಳಿದಾಗ ಇಕ್ಬಾಲ್ ಭಾಯಿ ತಲೆಯಾಡಿಸಿ, ನನ್ನತ್ತ ಬೆರಳು ತೋರಿಸಿ, ಗಳ ಹಾಕುವ ಅಭಿನಯ ಮಾಡಿದರು. ಮಾರ್ತ್ ನನ್ನನ್ನು ದಡಕ್ಕೆ ಕರೆದುಕೊಂಡು ಹೋಗಿ ದೋಣಿಕಟ್ಟೆಯ ದಿಕ್ಕು ತೋರಿಸಿದರು. ನಾನು ದೋಣಿಯನ್ನು ತಿರುಗಿಸಿದ ರೀತಿ ನೋಡಿ, ತಮ್ಮ ಎದೆ ಮುಟ್ಟಿಕೊಂಡು, ಗಳದ ಕಡೆ ತೋರಿಸಿ, "ಪಾಪಾ" ಎಂದರು. ಅವರ ಅಪ್ಪನೂ ಹೀಗೆಯೇ ನಡೆಸುತ್ತಿದ್ದರೆಂದು ತಿಳಿದುಕೊಂಡೆ. ನಾನೂ ಎದೆ ಮುಟ್ಟಿಕೊಂಡು, "ಪಾಪಾ" ಎಂದೆ. ಹೊರಡುವಾಗ ಅವರು ಇಕ್ಬಾಲ್ ಭಾಯಿಯ ಮಡಿಲಿಗೆ ಒಂದು ಹೂಕೋಸು ಹಾಕಿದರು.

ಅಲ್ಲಿಂದ ದೋಣಿಕಟ್ಟೆಗೆ ಎರಡು ಗಂಟೆ ಹಿಡಿಯಿತು. ನನ್ನ ಬದುಕಿನಲ್ಲಿ ಅಷ್ಟು ನಿಧಾನದ, ಅಷ್ಟು ಒಳ್ಳೆಯ ಎರಡು ಗಂಟೆ ಇನ್ನೊಂದಿಲ್ಲ. ಮೋಟರಿನ ಸದ್ದಿಲ್ಲ. ಗಳದಿಂದ ನೀರು ತೊಟ್ಟಿಕ್ಕುವ ಸದ್ದು, ಆಪಿನೊಳಗೆ ಯಾವುದೋ ಹಕ್ಕಿ. ಇಕ್ಬಾಲ್ ಭಾಯಿ ಹೂಕೋಸು ಅಪ್ಪಿಕೊಂಡು ನನ್ನ ಕಡೆ ಮುಖ ಮಾಡಿ ಕೂತಿದ್ದರು.

ನಾನೇ ಶುರು ಮಾಡಿದೆ. "ಭಾಯಿ, ನಿಮಗೊಂದು ವಿಷಯ ಹೇಳಿಲ್ಲ. ನನ್ನ ಅಪ್ಪ ಟ್ರಾನ್ಸ್‌ಪೋರ್ಟ್ ಲೈನಲ್ಲಿ ಇದ್ದದ್ದಲ್ಲ. ತಾರಿ ದಾಟಿಸ್ತಿದ್ದ."

"ಗೊತ್ತುಂಟು," ಎಂದರು.

ಗಳ ನನ್ನ ಕೈಯಲ್ಲೇ ನಿಂತಿತು.

"ನೀ ಮೊದಲ ದಿನ ಅಂಗಡಿಗೆ ಬಂದು ಅಪ್ಪನ ಹೆಸರು ಹೇಳ್ದೆ ಅಲ್ವಾ? ಆವತ್ತೇ ಗೊತ್ತಾಯ್ತು. ತಾರಿ ಹನ್ಮಂತನ ಮಗ. ಮೂಗು ನೋಡಿದ್ರೆ ಸಾಕು ಮಾರಾಯ, ಹೆಸರು ಬೇಡ."

"ನಿಮಗೆ ಅಪ್ಪ ಹೇಗೆ ಗೊತ್ತು?"

"ಹತ್ತೊಂಬತ್ತು ವರ್ಷ ನಂಗೆ ಆಗ. ಬಟ್ಟೆ ಗಂಟು ತಲೆ ಮೇಲೆ ಇಟ್ಕೊಂಡು ನಿಮ್ಮ ಕಡೆ ಹಳ್ಳಿ ಹಳ್ಳಿ ಮಾರ್ತಿದ್ದೆ. ಒಂದು ಮಳೆಗಾಲ, ಹೊಳೆ ತುಂಬಿತ್ತು, ತಾರಿ ನಿಂತಿತ್ತು. ದಡದಲ್ಲೇ ಚಳಿಜ್ವರ ಬಂದು ಬಿದ್ದೆ. ನಿನ್ನ ಅಪ್ಪ ಎತ್ಕೊಂಡು ಹೋಗಿ ಮನೆಯಲ್ಲಿ ಮಲಗಿಸಿದ. ಮೂರು ದಿನ. ನಿನ್ನ ಅಮ್ಮ ಗಂಜಿ ಕುಡಿಸಿದ್ದು. ನಾ ಯಾರು, ಯಾವ ಜಾತಿ, ಕೇಳ್ಲಿಲ್ಲ ಅವರು. ಒಂದು ನಾಲ್ಕು ವರ್ಷದ ಪೋರ ಇದ್ದ. ನನ್ನ ಬಟ್ಟೆ ಗಂಟಿನ ಮೇಲೆ ಹತ್ತಿ ಕೂತು ಕುದುರೆ ಕುದುರೆ ಅಂತ ಕುಣೀತಿದ್ದ. ಗಂಟಿನಲ್ಲಿ ಹೊಸ ಸೀರೆ ಇತ್ತು. ಒಂದರ ಮೇಲೆ ಉಚ್ಚೆ ಹೊಯ್ದ ಹಾಳು ಪೋರ."

ಎರಡು ಸಲ ಗಳ ಊರಿ ತಳ್ಳಿ, "ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಎಂದೆ.

"ಟ್ರಾನ್ಸ್‌ಪೋರ್ಟ್ ಲೈನು ಅಂದೆ ನೀನು. ನಿಂಗೆ ಹೇಳೂಕೆ ಮನಸ್ಸಿಲ್ಲ ಅಂದ್ಮೇಲೆ ನಾ ಎದುರಿಗೆ ಹೇಳಿದ್ರೆ ನಿನ್ನ ಮುಖ ಎಂತ ಆಗ್ತಿತ್ತು? ನೀನೇ ಹೇಳುವಾಗ ಹೇಳ್ಲಿ ಅಂತ ಬಿಟ್ಟೆ. ಇಷ್ಟು ತಡ ಮಾಡ್ತೀ ಅಂತ ಗೊತ್ತಿರ್ಲಿಲ್ಲ."

ಆ ಕಂಬಳಿ, ಅಬ್ಕೈಕಿನ ಕೆಲಸ, ಹೆಂಡತಿ ಬಂದ ದಿನದ ಊಟ. ಅಷ್ಟೂ ವರ್ಷ ನಾನು ಯಾವುದನ್ನು ನನ್ನ ಅದೃಷ್ಟವೆಂದು ತಿಳಿದಿದ್ದೆನೋ ಅದು ಅಮ್ಮ ಕುಡಿಸಿದ ಗಂಜಿ. ಅಪ್ಪ ದಡದಿಂದ ಎತ್ತಿಕೊಂಡು ಹೋದ ಒಬ್ಬ ಹುಡುಗ, ಸಮುದ್ರದಾಚೆ, ಅಪ್ಪನಿಗೆ ಗೊತ್ತೂ ಆಗದ ಹಾಗೆ ಅವನ ಮಗನನ್ನು ಸಾಕಿದ್ದ. ಆ ಮಗನೋ, ಅಪ್ಪನ ಕೆಲಸದ ಹೆಸರು ಹೇಳಲು ನಾಚಿ ಕೂತಿದ್ದ.

ದೋಣಿಕಟ್ಟೆಯಲ್ಲಿ ಆಯಿಷಾ ನೀಲಿ ಚೀಲ ಹಿಡಿದು ಗಾಬರಿಯಾಗಿ ನಿಂತಿದ್ದಳು. ನಮ್ಮಿಬ್ಬರ ಅವತಾರ ಕಂಡು ಮೊದಲು ನಕ್ಕು ಫೋಟೋ ತೆಗೆದಳು, ಕತೆ ಕೇಳಿದ ಮೇಲೆ ಅಪ್ಪನಿಗೆ ಚೆನ್ನಾಗಿ ಬೈದಳು.

ಮರುದಿನ ಬೆಳಿಗ್ಗೆ ಲೀಲಿನಿಂದ ಕುಮಟಾಕ್ಕೆ ವಿಡಿಯೋ ಕಾಲ್ ಮಾಡಿದೆ. ಅಕ್ಕ ಫೋನನ್ನು ಅಪ್ಪನ ಕೈಗೆ ಕೊಟ್ಟಳು. ಎಂದಿನ ಹಾಗೆ ಅವನ ಕಿವಿಯೂ ಛಾವಣಿಯ ಫ್ಯಾನೂ ಕಂಡವು. ಎಲ್ಲವನ್ನೂ ಹೇಳಿದೆ. ಕೇಳಿಸಿಕೊಂಡು, "ಕಾಲುವೆ ಅಡಿಗೆ ಕೆಸರಾ, ಹೊಯ್ಗೆಯಾ?" ಎಂದ.

"ಕೆಸರು."

"ಗಳ ಕಚ್ಚಲಿಲ್ವಾ?"

"ಒಂದ್ಸಲ ಕಚ್ತು. ತಿರುಚಿ ಎಳೆದೆ."

"ಹ್ಞಾ," ಎಂದ. ಅವನ ಬಾಯಿಂದ ಬರುವ ಅತಿ ದೊಡ್ಡ ಹೊಗಳಿಕೆ ಅದು.

ಆಮೇಲೆ ನಾನು, "ಅಪ್ಪಾ, ನಾನು ಕಾಲೇಜಿಗೆ ಹೋಗ್ತಿದ್ದಾಗ ಒಂದಿನ ಗೆಳೆಯರ ಜೊತೆ..." ಎಂದು ಶುರು ಮಾಡಿದೆ.

"ನಂಗೆ ಅದೆಲ್ಲ ನೆನಪಿಲ್ಲ ಮಗಾ," ಎಂದ ಅಪ್ಪ ನಡುವೆಯೇ. "ಆ ದಿನ ಗಾಳಿ ಜಾಸ್ತಿ ಇತ್ತು. ನನ್ನ ಕಣ್ಣೆಲ್ಲ ನೀರಿನ ಮೇಲೆ."

ಯಾವ ದಿನವೆಂದು ನಾನಿನ್ನೂ ಹೇಳಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಅಪ್ಪನನ್ನು ವಿಸಿಟ್ ವೀಸಾದಲ್ಲಿ ರಿಯಾದಿಗೆ ಕರೆಸಿಕೊಂಡೆ. ವಿಮಾನ ನಿಲ್ದಾಣಕ್ಕೆ ಇಕ್ಬಾಲ್ ಭಾಯಿಯೂ ಬಂದಿದ್ದರು. ಅಪ್ಪ ಅವರನ್ನು ಮೇಲಿಂದ ಕೆಳಗೆ ನೋಡಿ, "ಜ್ವರದ ಹುಡ್ಗ ನೀನೇಯಾ? ಎಷ್ಟು ದಪ್ಪ ಆಗಿದ್ಯಾ!" ಎಂದ. ಅವರು ಆ ದಿನವಿಡೀ ಅಪ್ಪನ ಕೈ ಬಿಡಲಿಲ್ಲ.

ಒಂದು ದಿನ ನಾನು ಕೂರುವ ಜಾಗ ತೋರಿಸಲು ಅಪ್ಪನನ್ನು ಆಫೀಸಿಗೆ ಕರೆದುಕೊಂಡು ಹೋದೆ. ಹನ್ನೊಂದನೆಯ ಮಹಡಿ. ನಮ್ಮ ಮ್ಯಾನೇಜರು ಮೈಸೂರಿನವರು, ನಮ್ಮನ್ನು ಕಂಡು ಎದ್ದು ಬಂದರು.

"ನಮಸ್ಕಾರ ಯಜಮಾನ್ರೇ. ನೀವು ಟ್ರಾನ್ಸ್‌ಪೋರ್ಟ್‌ನಲ್ಲಿ ಇದ್ರಂತೆ, ನಿಮ್ಮ ಮಂಜುನಾಥ್ ಯಾವಾಗ್ಲೋ ಹೇಳಿದ್ರು. ಬಸ್ಸೋ, ಲಾರಿಯೋ?"

ಅಪ್ಪ ನನ್ನ ಮುಖ ನೋಡಿದ. ಎಂಬತ್ತರ ಹತ್ತಿರದ ಆ ಮನುಷ್ಯ, ಮಗ ಎಲ್ಲಿ ಏನು ಹೇಳಿಟ್ಟಿದ್ದಾನೋ ಎಂದು ಹುಡುಕುತ್ತಿದ್ದ. "ಹ್ಞಾ, ಹೀಂಗೇ... ಎಂತದೋ ಒಂದು," ಎಂದ.

"ಬಸ್ಸೂ ಅಲ್ಲ, ಲಾರಿಯೂ ಅಲ್ಲ, ಸರ್. ದೋಣಿ," ಎಂದೆ. ನನ್ನ ದನಿ ಬೇಕಾದ್ದಕ್ಕಿಂತ ದೊಡ್ಡದಾಗಿತ್ತು, ಆಚೆಯ ಮೇಜಿನವರೂ ತಿರುಗಿ ನೋಡಿದರು. "ಶರಾವತಿಯಲ್ಲಿ ಜನರನ್ನ ದಾಟಿಸ್ತಿದ್ರು. ನಲವತ್ತು ವರ್ಷ. ನಾನು ಓದಿದ್ದು ಆ ದುಡಿಮೆಯಲ್ಲಿ."

"ಕೈಯಲ್ಲೇನ್ರೀ?" ಎಂದರು ಮ್ಯಾನೇಜರು.

"ಕೈಯಲ್ಲೇ."

ಅವರು ಅಪ್ಪನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ನಾನು ಚಿಕ್ಕವನಿದ್ದಾಗ ಕಪಿಲಾ ಹೊಳೇಲಿ ಹರಿಗೋಲು ಹತ್ತಿದೀನಿ. ದಡ ಸೇರೋವರೆಗೂ ಕಣ್ಣು ಬಿಟ್ಟಿರ್ಲಿಲ್ಲ," ಎಂದರು.

"ಅದು ಗುಂಡಗಿರ್ತದೆ ಅಲ್ವಾ, ತಿರುಗ್ತದೆ. ಹೆದ್ರಿಕೆ ಆಗೂದೇ," ಎಂದು ಅಪ್ಪ ಸಮಾಧಾನ ಮಾಡಿದ. ಆಮೇಲೆ ಹತ್ತು ನಿಮಿಷ ಅವರಿಬ್ಬರೇ ಮಾತಾಡಿದರು.

ವಾಪಸು ಹೊರಟಾಗ ಲಿಫ್ಟಿನಲ್ಲಿ ನಾವಿಬ್ಬರೇ. ಬಾಗಿಲು ಮುಚ್ಚಿಕೊಂಡ ಮೇಲೆ ಅಪ್ಪ, "ನಲ್ವತ್ತಲ್ಲ," ಎಂದ.

"ಎಂತ ಅಪ್ಪಾ?"

"ನಲ್ವತ್ತು ವರ್ಷ ಅಂದ್ಯಲ್ಲ ಅವ್ರ ಹತ್ರ. ಮೂವತ್ತೆಂಟು. ಸೇತುವೆ ಆದ್ಮೇಲೂ ಎರಡು ವರ್ಷ ಹೋಗ್ತಿದ್ದೆ ಹೌದು. ಆದ್ರೆ ಯಾರೂ ಬತ್ತಿರ್ಲಿಲ್ಲ. ಸುಮ್ನೆ ದೋಣೀಲಿ ಕೂತು ಬತ್ತಿದ್ದೆ. ಅದನ್ನ ಸೇರ್ಸೂಕಾಗೂದಿಲ್ಲ."

"ಅದೂ ಸೇರ್ತದೆ ಅಪ್ಪಾ."

ಲಿಫ್ಟು ಇಳಿಯುತ್ತಲೇ ಇತ್ತು. ನೆಲಮಹಡಿ ಬಂದು ಬಾಗಿಲು ತೆರೆದುಕೊಂಡಾಗ ಅಪ್ಪ ಹೊರಗೆ ಕಾಲಿಡುತ್ತ ಹೇಳಿದ:

"ಆಯ್ತು. ನಲ್ವತ್ತು ಅಂತ್ಲೇ ಹೇಳು."